ಕಳಸೆಯ ತಳದ ತೂತು

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎನ್ನುವುದು ನಮ್ಮ ಕಡೆಯ ನಂಬಿಕೆ. ಕೇಳಿದವರು ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನಬೇಕು. ನಮ್ಮ ಅಜ್ಜಿ ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಜ್ಜ ತೀರಿಕೊಂಡ ಮೇಲೆ ಅವರ ಅಭಿಪ್ರಾಯವನ್ನು ಹಲ್ಲಿಯ ಮೂಲಕವೇ ಕೇಳುತ್ತಿದ್ದರು. ದನ ಮಾರುವುದಿರಲಿ, ನೆಂಟರ ಮನೆಗೆ ಹೊರಡುವುದಿರಲಿ, ಅಜ್ಜ ಒರಗುತ್ತಿದ್ದ ಚಾವಡಿಯ ಕಂಬದ ಬುಡದಲ್ಲಿ ಕೂತು ಮೂರು ಸಲ ಕೇಳುವುದು. ಹಲ್ಲಿ ನುಡಿದರೆ ಒಪ್ಪಿಗೆ. ನುಡಿಯದಿದ್ದರೆ, "ಇರುವಾಗಲೂ ಹೀಗೆಯೇ, ಕೇಳಿದ್ದಕ್ಕೆ ಉತ್ತರ ಇಲ್ಲ" ಎಂದು ಗೊಣಗಿ ಏಳುವುದು.

(ನಮ್ಮ ಮನೆಯ ಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಅಜ್ಜಿಯ ಮಾತನ್ನು ಸ್ವಲ್ಪ ತಿದ್ದಿ ಬರೆದಿದ್ದೇನೆ. ಗೊತ್ತಾಗಿದ್ದರೆ ಅದಕ್ಕೂ ಬೈಯುತ್ತಿದ್ದರು.)

ಸುಳ್ಯ ಇನ್ನೂ ಪುತ್ತೂರು ತಾಲೂಕಿನೊಳಗೇ ಇದ್ದ ಕಾಲ. ನನಗೆ ಹತ್ತೊಂಬತ್ತು. ಇನ್ನೊಬ್ಬರ ಸ್ವರ ತೆಗೆಯುವುದು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ಸುಬ್ರಹ್ಮಣ್ಯದ ಬಸ್ಸಿನ ಕಂಡಕ್ಟರ್ ಮೂಗಿನಿಂದ ಊರುಗಳ ಹೆಸರು ಕೂಗುವುದು, ಅರಂತೋಡಿನ ಅಂಗಡಿಯ ಬ್ಯಾರಿ ಕಾಕನ ನಗು, ಎಲ್ಲವೂ ನನ್ನ ಗಂಟಲಿನಲ್ಲಿ ಇದ್ದವು. ಕಾಕ ಒಮ್ಮೆ ಕೇಳಿಸಿಕೊಂಡು, "ಹೌದಾ ಮಾರಾಯ, ನಾನು ಇಷ್ಟು ಕೆಟ್ಟದಾಗಿ ನಗುದಾ?" ಎಂದು ಅದೇ ನಗು ನಕ್ಕಿದ್ದರು. ನನ್ನ ಸ್ವಂತ ಸ್ವರ ಮಾತ್ರ ಕಟ್ಟಿಹಾಕಿದ ಆಡಿನದ್ದು ಎಂದು ಅಮ್ಮ ಹೇಳುತ್ತಿದ್ದರು. ಸುಳ್ಳಲ್ಲ.

ಆ ಬೇಸಗೆಯಲ್ಲಿ ಪುತ್ತೂರಿನಿಂದ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಷ್ಟ್ರು ನಮ್ಮ ಮನೆಗೆ ಬಂದರು. ಪೇಟೆಯಲ್ಲಿ ಕಲೆ ಮತ್ತು ಇತಿಹಾಸದ ಒಂದು ಮ್ಯೂಸಿಯಂ ಮಾಡಬೇಕೆಂದು ಹಳ್ಳಿಹಳ್ಳಿ ತಿರುಗಿ ಹಳೆಯ ವಸ್ತುಗಳನ್ನು ಕೂಡಿಸುತ್ತಿದ್ದರು. ಕನ್ನಡಕವನ್ನು ಹಣೆಗೆ ಏರಿಸಿ, "ಇತಿಹಾಸ ಎಂತ ಹೇಳ್ತದೆ ಅಂದ್ರೆ..." ಎಂದು ಶುರು ಮಾಡುತ್ತಿದ್ದರು. ಅವರು ಕಾಫಿ ಕುಡಿದು ಮುಗಿಸುವುದರೊಳಗೆ ಆ ಸ್ವರವೂ ನನಗೆ ಬಂದಿತ್ತು.

ಅವರ ಕಣ್ಣು ಬಿದ್ದದ್ದು ನಮ್ಮ ಕಳಸೆಯ ಮೇಲೆ. ಕಳಸೆ ಎಂದರೆ ಭತ್ತ ಅಳೆಯುವ ಮರದ ಪಾತ್ರೆ. ಅಜ್ಜ ಹಲಸಿನ ಮರದಲ್ಲಿ ತಾವೇ ಕಡೆದು, ಬಾಯಿಗೆ ಹಿತ್ತಾಳೆಯ ಬಳೆ ತೊಡಿಸಿ, ಸುತ್ತಲೂ ಗಿಳಿಗಳ ಸಾಲು ಕೊರೆದಿದ್ದರು. ಒಂದು ಗಿಳಿ ಕಾಗೆಯ ಹಾಗಿತ್ತು. ವರ್ಷಕ್ಕೊಮ್ಮೆ, ಹೊಸ ಅಕ್ಕಿ ಊಟದ ದಿನ, ಅಜ್ಜಿ ಅದರಲ್ಲೇ ಹೊಸ ಬೆಳೆ ಅಳೆದು, ಅದರ ಪಕ್ಕ ಅಜ್ಜನಿಗೆಂದು ಒಂದು ಎಲೆ ಹಾಕಿ ಬಡಿಸುತ್ತಿದ್ದರು.

"ಮ್ಯೂಸಿಯಂನಲ್ಲಿ ಇಡ್ತೇನೆ, ಬೇಕಾದಾಗ ಬಂದು ತಕ್ಕೊಂಡು ಹೋಗಿ ಅಜ್ಜಿ. ವಸ್ತು ನಿಮ್ಮದೇ" ಎಂದರು ಮಾಷ್ಟ್ರು.

"ಅವರನ್ನು ಕೇಳ್ಬೇಕು" ಎಂದರು ಅಜ್ಜಿ. "ಊಟ ಮಾಡಿ ಹೋಗಿ, ಅಷ್ಟರಲ್ಲಿ ಹೇಳ್ತಾರೆ."

ಅಜ್ಜಿ ಒಳಗೆ ಎಲೆ ತರಲು ಹೋದಾಗ ಮಾಷ್ಟ್ರು ನನ್ನ ಕಡೆ ತಿರುಗಿದರು. ನಾನು ಆಗಲೇ ಅವರಿಗೆ ಅವರದೇ ಸ್ವರ ಕೇಳಿಸಿ ನಗಿಸಿದ್ದೆ. "ನೀನು ಭಾರೀ ಜನ ಮಾರಾಯ! ಉದ್ಘಾಟನೆಯ ದಿನ ನಿನಗೆ ಹತ್ತು ನಿಮಿಷ ಕೊಡ್ತೇನೆ. ಕಳಸೆ ಒಂದು ಸಿಕ್ಕಿದ್ರೆ ಒಳ್ಳೆದಿತ್ತು."

ಹತ್ತು ನಿಮಿಷ! ಪುತ್ತೂರಿನ ವೇದಿಕೆ, ಮುಂದೆ ಮೈಕು. ನಾನು ಅಟ್ಟ ಹತ್ತಿದೆ.

ಅಜ್ಜಿ ಕಂಬದ ಬುಡದಲ್ಲಿ ಕೂತು ಕೇಳಿದರು. "ಮಾಷ್ಟ್ರು ಕೇಳ್ತಾರೆ. ಕಳಸೆ ಕೊಡುದಾ?" ಒಂದು ಸಲ. ಎರಡು ಸಲ. ಮೂರನೆಯ ಸಲ ಕೇಳುವಾಗ ನಾನು ಅಟ್ಟದ ಹಲಗೆಯ ಸಂದಿಗೆ ಬಾಯಿ ಇಟ್ಟು, ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಸೆಳೆದೆ. ಲೊಚ್, ಲೊಚ್, ಲೊಚ್.

ಅಜ್ಜಿಯ ಬೆರಳು ನೆಲ ತಟ್ಟಿತು. "ಕೃಷ್ಣ ಕೃಷ್ಣ. ಕೊಡುದಂತೆ."

ಕಳಸೆ ಮಾಷ್ಟ್ರ ಜೊತೆ ಬಸ್ಸು ಹತ್ತಿತು. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ನನ್ನ ಹತ್ತು ನಿಮಿಷವನ್ನೂ ಸೇರಿಸಿಕೊಂಡು ಭಾಷಣ ಮಾಡಿದರು. ನಾನು ಬೆಂಚು ಹೊತ್ತು ಹಾಕಿ ಮನೆಗೆ ಬಂದೆ.

ಹೊಸ ಅಕ್ಕಿ ಊಟಕ್ಕೆ ನಾಲ್ಕು ದಿನ ಇರುವಾಗ ಅಜ್ಜಿ ಪೆಟ್ಟಿಗೆಯಿಂದ ಅಜ್ಜ ಉಡುತ್ತಿದ್ದ ಒಂದು ಮುಂಡು ತೆಗೆದು ಮಡಚಿದರು. "ಕಳಸೆ ಸುತ್ತಿ ತರ್ಲಿಕ್ಕೆ. ಬಸ್ಸಿನಲ್ಲಿ ನೆಲದಲ್ಲಿ ಇಡ್ಲಿಕ್ಕೆ ಆಗುದಿಲ್ಲ" ಎಂದರು. ಅರಂತೋಡಿನಿಂದ ಸುಳ್ಯ, ಅಲ್ಲಿಂದ ಪುತ್ತೂರು. ತಿರುವುಗಳಲ್ಲಿ ಅಜ್ಜಿ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡರು. ನಾನು ಕಂಡಕ್ಟರನ ಪಕ್ಕದಲ್ಲೇ ಅವನ ಸ್ವರದಲ್ಲಿ ಕೂಗಿ ನಗಿಸಿದೆ. "ಸಾಕು ಮಗ, ಇಳಿಸಿಬಿಡ್ತಾನೆ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮ್ಯೂಸಿಯಂ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ಎರಡು ಕೋಣೆ. ಇಡೀ ಕೋಣೆ ವಾರ್ನಿಷ್ ನಾರುತ್ತಿತ್ತು. ಹಿಡಿ ಇಲ್ಲದ ಕತ್ತಿ, ತಾಳೆಗರಿಯ ಕಟ್ಟು, ಕನ್ನಡಿ ಚೂರುಗಳು ಉದುರಿದ ಯಕ್ಷಗಾನದ ಕಿರೀಟ. ಗೋಡೆಯ ತುಂಬ ಮಾಷ್ಟ್ರೇ ಬರೆದ ರಾಜರು, ಅಷ್ಟೂ ರಾಜರಿಗೆ ಮಾಷ್ಟ್ರದ್ದೇ ಮೂಗು. ಬೇರೆ ದಿನವಾಗಿದ್ದರೆ ಆ ಮೂಗಿನ ಮೇಲೆ ನಾನು ಒಂದು ವಾರ ಊರು ನಗಿಸುತ್ತಿದ್ದೆ.

ಕಿಟಕಿಯ ಹತ್ತಿರ ಒಂದು ಹಲಗೆಯ ಮೇಲೆ ನಮ್ಮ ಕಳಸೆ. ಕೆಳಗೆ ಚೀಟಿ: "ಮರದ ಪಾತ್ರೆ. ಸುಳ್ಯ ಕಡೆ." ಅಜ್ಜಿಗೆ ಓದಲು ಬಾರದು. ಸೆರಗಿನಿಂದ ಧೂಳು ಒರೆಸಿ, ಕಾಗೆಯಂಥ ಆ ಗಿಳಿಯನ್ನು ಹುಡುಕಿ ಮುಟ್ಟಿದರು. ಮುಂಡು ಬಿಡಿಸಿ ನನ್ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಕಳಸೆ ಎತ್ತಿದರು. ಬರಲಿಲ್ಲ. ಇನ್ನೊಮ್ಮೆ ಎತ್ತಿದರು.

"ಇದೆಂತ ಮಗ, ಅಂಟಿದ್ದಾ?"

ಮಾಷ್ಟ್ರು ಸಂಭ್ರಮದಿಂದ ಬಂದರು. "ಅಂಟಿದ್ದಲ್ಲ ಅಜ್ಜಿ. ಬಿದ್ದು ಒಡೆದ್ರೆ ಎಂತ ಮಾಡುದು ಅಂತ ಆಚಾರಿಯನ್ನು ಕರೆಸಿ ತಳದಲ್ಲಿ ಮೂರು ಸ್ಕ್ರೂ ಹಾಕ್ಸಿದ್ದೇನೆ. ಇನ್ನು ನೂರು ವರ್ಷ ಅಲುಗಾಡುದಿಲ್ಲ."

ಅಜ್ಜಿ ಬಗ್ಗಿ ಒಳಗೆ ನೋಡಿದರು. "ತೂತು ಮಾಡಿದ್ದಾ?"

"ಸಣ್ಣದು. ಬೇಕಾದ್ರೆ ಮೇಣ ತುಂಬಿಸ್ಬಹುದು."

"ತೂತಾದ ಕಳಸೆಯಲ್ಲಿ ಅಳೆಯುದು ಹೇಗೆ?"

ಮಾಷ್ಟ್ರು ನಕ್ಕರು. ಕೆಟ್ಟ ನಗುವಲ್ಲ, ಅದೇ ಹೆಚ್ಚು ಕೆಟ್ಟದಾಯಿತು. "ಇದರಲ್ಲಿ ಇನ್ನು ಯಾರು ಅಳೆಯುದು ಅಜ್ಜಿ?"

"ನಾನು ಅಳೆಯುದು."

ಮಾಷ್ಟ್ರು ಕನ್ನಡಕವನ್ನು ಹಣೆಗೆ ಏರಿಸಿದರು. ಆದರೆ ಇತಿಹಾಸ ಎಂತ ಹೇಳ್ತದೆ ಎಂದು ಅವರಿಗೂ ಹೊಳೆಯಲಿಲ್ಲ. ಸ್ಕ್ರೂ ತೆಗೆಸಿ ಕೊಡುತ್ತೇನೆ ಎಂದರು. ಅಜ್ಜಿ ಬೇಡ ಎಂದರು. ಒಡಕು ಪಾತ್ರೆಯಲ್ಲಿ ಹೊಸ ಬೆಳೆ ಅಳೆದು ಒಳಗೆ ತರುವವರು ನಮ್ಮಲ್ಲಿ ಇಲ್ಲ. ಅದು ಗೊತ್ತಿದ್ದೇ ಅಜ್ಜಿ ಮತ್ತೆ ಕಳಸೆಯ ಕಡೆ ತಿರುಗಿ ನೋಡಲಿಲ್ಲ.

ಮೆಟ್ಟಿಲ ಮೇಲೆ ಕೂತರು. ನಾನು ಪಕ್ಕದಲ್ಲಿ ಮುಂಡು ಮಡಚುತ್ತಾ ನಿಂತೆ. ಅಜ್ಜಿ ನನ್ನನ್ನೂ ಬೈಯಲಿಲ್ಲ, ಮಾಷ್ಟ್ರನ್ನೂ ಬೈಯಲಿಲ್ಲ.

"ಅವರಿಗೆ ಬುದ್ಧಿ ಬೇಡ್ವಾ? ಕೈಯಾರೆ ಕಡೆದದ್ದು. ನಾನು ಒಂದಲ್ಲ, ಮೂರು ಸಲ ಕೇಳಿದೆ. ಕೊಡು ಅಂದದ್ದು ಅವರೇ."

ಆಗ ಹೇಳಬಹುದಿತ್ತು. ಅಜ್ಜಿ, ಅದು ಅಜ್ಜ ಅಲ್ಲ, ಹಲ್ಲಿಯೂ ಅಲ್ಲ, ಅಟ್ಟದಲ್ಲಿ ಇದ್ದದ್ದು ನಾನು. ಇಷ್ಟೇ ಮಾತು. ಅದರ ಬದಲು ನಾನು ಮಾಡಿದ್ದು ಏನೆಂದರೆ, ಇಲ್ಲದ ಕನ್ನಡಕವನ್ನು ಹಣೆಗೆ ಏರಿಸಿ, "ಇತಿಹಾಸ ಎಂತ ಹೇಳ್ತದೆ ಅಂದ್ರೆ..." ಎಂದೆ. ತದ್ರೂಪು ಬಂತು. ಅಜ್ಜಿ ನಗಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಹೊಸ ಅಕ್ಕಿಯ ದಿನ ಅಜ್ಜಿ ಪಕ್ಕದ ಮನೆಯಿಂದ ತಂದ ತಗಡಿನ ಡಬ್ಬಿಯಲ್ಲಿ ಅಳೆದರು. ನಾವೆಲ್ಲ ಚಾವಡಿಯಲ್ಲಿ ಸಾಲಾಗಿ ಕೂತೆವು. ಬಡಿಸುತ್ತಿದ್ದ ಅಮ್ಮ ಒಂದು ಎಲೆ ಹಿಡಿದುಕೊಂಡು ನಿಂತರು. "ಅತ್ತೆ, ಮಾವನ ಎಲೆ ಎಲ್ಲಿ ಹಾಕುದು?"

"ಹಾಕುದು ಬೇಡ" ಎಂದರು ಅಜ್ಜಿ. "ಕೊಟ್ಟದ್ದು ಅವರು. ಪುತ್ತೂರಿಗೆ ಹೋಗಿ, ಆ ಹಲಗೆಯ ಹತ್ತಿರ ಕೂತು ಉಣ್ಣಲಿ."

ಅಷ್ಟು ವರ್ಷ ಅಜ್ಜನ ಜೊತೆ ಸಂಸಾರ ಮಾಡಿದವರು, ಅವರು ಹೋದ ಮೇಲೂ ಒಂದು ವರ್ಷವೂ ತಪ್ಪಿಸದೆ ಬಡಿಸಿದವರು ಆಡಿದ ಮಾತು ಅದು. ಅಮ್ಮ ಎಲೆಯನ್ನು ಒಳಗೆ ಕೊಂಡುಹೋದರು.

ಆಗ ಕಂಬದ ಮೇಲಿನಿಂದ ಹಲ್ಲಿಯೊಂದು ಲೊಚಗುಟ್ಟಿತು. ನಿಜವಾದ ಹಲ್ಲಿ. ನನ್ನದಕ್ಕಿಂತ ಸ್ವರ ಸಣ್ಣ. ಅಮ್ಮನ ಬೆರಳು ಅಭ್ಯಾಸದಿಂದ ಬಾಗಿಲ ದಾರಂದ ತಟ್ಟಿತು. ಅಜ್ಜಿಯ ಕೈ ಅನ್ನ ಕಲಸುತ್ತಲೇ ಇತ್ತು.

"ಸಾಕು, ಬಾಯಿ ಮುಚ್ಚು" ಎಂದರು ಕಂಬದ ಕಡೆಗೆ, ತಲೆ ಎತ್ತದೆ.

ನಾನು ಅಗಿಯುವುದನ್ನು ನಿಲ್ಲಿಸಿದೆ.