ಟಿವಿಯಲ್ಲಿ ತಿಪ್ಪವ್ವನ ತಾಯಿ

ಅಕ್ಕಿಆಲೂರಿನ ತನುಜಾ ತನ್ನ ಮಗಳನ್ನು ಒಂದು ದಿನವೂ ಬಾಯಿತುಂಬ ಹೊಗಳಿದವಳಲ್ಲ. ಮೊದಲಿನ ಎರಡು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ಅತ್ತೆ ದಾನವ್ವ, ಕಸವೆಂದರೆ ಸಾವು ಮುಟ್ಟದೆಂದು, ಅದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ತಿಪ್ಪವ್ವ ಎಂದು ಕರೆದಳು. ಶಾಲೆಯಲ್ಲಿ ಅಂಕಿತಾ, ಮನೆಯಲ್ಲಿ ತಿಪ್ಪವ್ವ. ಯಾರಾದರೂ "ಮಗಳು ಎಷ್ಟ ಚಂದ ಅದಾಳ್ರಿ" ಎಂದರೆ ಸಾಕು, ಕೆಟ್ಟ ನೆದರು ತಾಗೀತೆಂದು ತನುಜಾ ಹೆದರುತ್ತಿದ್ದಳು. "ಎಲ್ಲಿ ಚಂದರಿ, ಯಾತಕ್ಕೂ ಬಾರದ್ದು" ಎಂದುಬಿಡುತ್ತಿದ್ದಳು. ಹಾಗೆ ಜರಿದು ಜರಿದೇ ಹುಡುಗಿಯನ್ನು ಉಳಿಸಿಕೊಂಡೆ ಎಂಬ ನಂಬಿಕೆ ಅವಳದು.

ತಂದೆ-ತಾಯಿ ಮಕ್ಕಳನ್ನು ಹೇಗೆ ಬೆಳೆಸುತ್ತಾರೆಂದು ತೋರಿಸುವ ಟಿವಿ ಕಾರ್ಯಕ್ರಮಕ್ಕೆ ಇವರು ಹೋದದ್ದು ಗಂಡ ಶರಣುವಿನ ಹುಚ್ಚಿನಿಂದ. ಅಕ್ಕಿ ಗಿರಣಿಯಲ್ಲಿ ದುಡಿಯುವ ಅವನು ಮಗಳು ಹಾಡುವ ವಿಡಿಯೋ ಕಳಿಸಿದ್ದ. ಬೆಂಗಳೂರಿನ ಸ್ಟುಡಿಯೋದಲ್ಲಿ ಮೂವರಿಗೂ ಪೌಡರ್ ಬಳಿದು ಸೋಫಾದಲ್ಲಿ ಕೂಡಿಸಿದರು. ನಿರೂಪಕಿ ತನುಜಾಳನ್ನು ಕೇಳಿದಳು: "ನಿಮ್ಮ ಮಗಳಲ್ಲಿ ನಿಮಗೆ ತುಂಬಾ ಇಷ್ಟವಾಗೋದೇನು ಹೇಳಿ?"

ಹೇಳಲು ನೂರಿತ್ತು. ಆದರೆ ಇದು ಓಣಿಯ ನಾಲ್ಕು ಜನರ ಕಣ್ಣಲ್ಲ, ಇಡೀ ರಾಜ್ಯದ ಕಣ್ಣು. ಇಷ್ಟು ನೆದರು ಬಿದ್ದರೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಕಳೆಯುವಂಥದ್ದೇ? ತನುಜಾ ಗಟ್ಟಿಯಾಗಿಯೇ ಹೇಳಿದಳು: "ಏನೂ ಇಲ್ಲರಿ. ಹುಟ್ಟಬಾರದಿತ್ತು, ಹುಟ್ಟೇತಿ. ಕಸಾ ಅದು."

ಪಕ್ಕದಲ್ಲಿದ್ದ ಮನಶ್ಶಾಸ್ತ್ರದ ತಜ್ಞೆ ಹುಡುಗಿಯ ಕೈ ಹಿಡಿದು, "ಅಮ್ಮ ಹೀಗಂದಾಗ ನೋವಾಗುತ್ತಾ ಪುಟ್ಟಾ?" ಎಂದಳು. ಅಂಕಿತಾ ಹೂಂ ಎಂದು ತಲೆಯಾಡಿಸಿ ಬಿಕ್ಕಿದಳು. ತನುಜಾ ಕಂಗಾಲಾದಳು. ದಿನಾ ಕೇಳುವ ಮಾತು, ಅದರ ಒಳಗುಟ್ಟು ಮಗಳಿಗೆ ಗೊತ್ತಿದೆ ಎಂದುಕೊಂಡಿದ್ದಳು. ಅದನ್ನು ಹುಡುಗಿಗೆ ಯಾರೂ ಬಿಡಿಸಿ ಹೇಳಿರಲೇ ಇಲ್ಲ. "ಹಂಗಲ್ಲರಿ, ಅದು ನೆದರ ಆಗಬಾರದಂತ..." ಎಂದು ಶುರುಮಾಡಿದಳು. ಆ ಮಾತನ್ನು ಟಿವಿಯವರು ಕತ್ತರಿಸಿ ಎಸೆದರು. ಆ ಪುಣ್ಯಾತ್ಮರಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು.

ಆ ತುಣುಕು ಊರಿನ ಮೊಬೈಲುಗಳಿಗೆಲ್ಲ ಬಂತು. ಸಂತೆಯಲ್ಲಿ ಬದನೆಕಾಯಿ ಮಾರುವವಳೂ ತನುಜಾಳನ್ನು ಕಂಡು ಮುಖ ತಿರುಗಿಸಿದಳು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಮಗಳು ಅವಳ ಜೊತೆ ಮಾತೇ ಬಿಟ್ಟಳು. ರಜೆಗೆಂದು ತಡಸದ ಸೋದರತ್ತೆಯ ಮನೆಗೆ ಹೋದವಳು ತಿರುಗಿ ಬರಲೊಲ್ಲೆ ಎಂದು ಅಲ್ಲೇ ಕೂತಳು. ಕರೆಯಲು ಹೋದ ಶರಣು ಒಬ್ಬನೇ ಬಂದ.

"ನಾನ ಹೋಗಿ, ಇದ್ದದ್ದ ಇದ್ದಂಗ ಹೇಳಿ ಬರ್ತೇನ್ರಿ ಅತ್ತಿ" ಎಂದಳು ತನುಜಾ.

"ಬಾಯಿಬಿಟ್ಟು ಹೊಗಳಬ್ಯಾಡವಾ" ಎಂದಳು ದಾನವ್ವ. "ಇದೊಂದಾದ್ರೂ ಉಳೀಲಿ."

ಬಸ್ಸಿನ ದಾರಿಯುದ್ದಕ್ಕೂ ತನುಜಾಳಿಗೆ ಅದೇ ಕುದಿ. ಹೊಗಳಿದರೆ ಮಗಳ ಜೀವಕ್ಕೆ ಏನಾಗುವುದೋ. ಹೊಗಳದಿದ್ದರೆ ಮಗಳು ತನ್ನ ಪಾಲಿಗೆ ಇದ್ದೂ ಇಲ್ಲದಂತೆ. ತೊಟ್ಟಿಲಿನಿಂದ ಎತ್ತಿಕೊಟ್ಟ ಆ ಎರಡು ತಣ್ಣನೆಯ ಮೈ ಅವಳ ಕೈಗೆ ಇನ್ನೂ ನೆನಪಿತ್ತು.

ತಡಸದ ಆ ಪಡಸಾಲೆಯಲ್ಲಿ, ಮನೆಯವರೆಲ್ಲರ ಎದುರು, ಅವಳು ಮಗಳ ಗಲ್ಲ ಹಿಡಿದಳು. "ನಿನ್ನಂಥಾಕಿ ಯಾರ ಹೊಟ್ಟ್ಯಾಗೂ ಹುಟ್ಟಿಲ್ಲವ್ವಾ. ನೀ ಚಂದ ಅದಿ, ಶಾಣ್ಯಾಕಿ ಅದಿ. ನೀ ನಕ್ಕರ ನನ್ನ ಜೀವಕ್ಕ ತಂಪು." ಹೇಳುತ್ತಲೇ, ಏನಾದರೂ ಬರುವುದಿದ್ದರೆ ತನಗೇ ಬರಲಿ ಎಂದು ಒಳಗೊಳಗೆ ದೇವರಲ್ಲಿ ಬೇಡಿಕೊಂಡಳು.

ಅಂಕಿತಾ ಅವ್ವನ ಮುಖ ನೋಡಿದಳು. ಆಮೇಲೆ ಅವಳ ಭುಜದಾಚೆ ಬಾಗಿಲು, ಕಿಟಕಿಗಳ ಕಡೆ ಕಣ್ಣಾಡಿಸಿದಳು.

"ಎಲ್ಲಿ ನಿಂತು ಶೂಟಿಂಗ್ ಮಾಡಾಕತ್ತಾರ ಅವ್ವಾ?" ಎಂದು ಮೆಲ್ಲಗೆ ಕೇಳಿದಳು.