ಕ್ಲಾಸಿಗೆ ಹೋದ ಕಾಕು

ಹೋದ ವಾರ ಜಮಖಂಡಿಯಲ್ಲಿ ಒಬ್ಬ ಬಾಣಂತಿಯನ್ನು ನೋಡಲು ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಲೋಬಾನ, ಅಜವಾನದ ಹೊಗೆ ಮೂಗಿಗೆ ಬಡಿಯಿತು. ಬನಹಟ್ಟಿಯ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು. ಬಾಣಂತಿ ಅವರ ಮೊಮ್ಮಗಳೇ.

ಓಣಿಯಲ್ಲಿ ಯಾರ ಕೂಸು ಹುಟ್ಟಿದರೂ ನೀರು ಎರೆಯಲು ಕಾಕುವೇ ಬರಬೇಕು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು, ಅದಕ್ಕೂ ಅದರ ಅಪ್ಪನಿಗೂ ಸೇರಿಸಿ ಬೈಯುತ್ತ ಎರೆಯುತ್ತಿದ್ದರು. ನನಗೆ ಎರೆದವರೂ ಅವರೇ. ಬಾಯಿ ಜೋರು, ಕೈ ಮೆತ್ತಗೆ.

ಅವರ ಗಂಡ ಕಾಕಾ ತೀರಿಕೊಂಡ ಮೇಲೆ, ಯಾರೋ ಕರೆದರೆಂದು ಒಂದು ಸತ್ಸಂಗದ ಬೆಳಗಿನ ಕ್ಲಾಸಿಗೆ ಹೋದರು. "ನಿನ್ನಿ ಹೇಳಿದ್ದನ್ನ ಇವತ್ತೂ ಹೇಳ್ತಾರವ್ವ. ಆದ್ರ ಅಲ್ಲಿ ಮಗ್ಗದ ಸಪ್ಪಳ ಇಲ್ಲ, ಛಲೋ ನಿದ್ದಿ ಬರ್ತೈತಿ" ಎಂದು ನಗುತ್ತಿದ್ದರು. ನಾವೂ ನಕ್ಕೆವು.

ಹೇಳಿದ್ದನ್ನೇ ಹೇಳುವುದು ಸಣ್ಣ ಮಾತಲ್ಲ... ಮಗ್ಗದ ಊರಿನವರ ಮೈಯೊಳಗೆ ಮಗ್ಗದ ಸಪ್ಪಳ ಹೊಕ್ಕಿರುತ್ತದಲ್ಲ, ಹಾಗೆ ಆ ಮಾತು ಅವರೊಳಗೆ ಕೂತುಬಿಟ್ಟಿತು. ಸಂಜೆಯ ಕ್ಲಾಸೂ ಶುರುವಾಯಿತು. ನಮ್ಮ ಮನೆಯ ಪಲ್ಯ ಬೇಡವಾಯಿತು. ಊಟ ಆತೇನ್ರಿ ಎಂದು ಕೇಳಿದರೆ, ದೇಹ ಸುಳ್ಳು, ಸಂಬಂಧ ಸುಳ್ಳು ಎಂಬ ಉತ್ತರ, ಅದೂ ಮಗ್ಗಿ ಒಪ್ಪಿಸುವ ದನಿಯಲ್ಲಿ.

ಆ ಹೊತ್ತಿಗೆ ಅವರ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಕೂಸು, ಈಗಿನ ಈ ಬಾಣಂತಿ. ಕಾಕು ಮುಟ್ಟಲಿಲ್ಲ. ಮೊಮ್ಮಕ್ಕಳ ಮೋಹ ಎಲ್ಲಕ್ಕಿಂತ ಕೆಟ್ಟದ್ದೆಂದು ಕ್ಲಾಸಿನಲ್ಲಿ ಹೇಳಿದ್ದರಂತೆ. ಮಗಳು ಅತ್ತಳು, ಜಗಳಾಡಿದಳು, ಆಮೇಲೆ ಕರೆಯುವುದನ್ನೇ ಬಿಟ್ಟಳು. ನಮ್ಮವ್ವನೇ ಹೋಗಿ ಎರೆಯುತ್ತಿದ್ದಳು. ಊರ ಮಕ್ಕಳಿಗೆಲ್ಲ ಎರೆದ ಕೈಗೆ ಇದೆಂಥಾ ರೋಗ ಎಂದು ನನಗಂತೂ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ದಿನ ಎರೆಯುವಾಗ ಕೂಸು ಉಸಿರು ಹಿಡಿದುಬಿಟ್ಟಿತು. ಕೂಸು ಉಸಿರಾಡವಲ್ದು ಎಂದು ಅವ್ವ ಚೀರಿದಳು. ಕಾಕುವಿನ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಅವರ ಹಳೆಯ ದನಿ ಬಂತು.

"ಬೋರಲ ಹಾಕ ಬೇ, ಮೂಗಿನ್ಯಾಗ ನೀರು ಹೊಕ್ಕೈತಿ."

ಅವ್ವ ಬೋರಲು ಹಾಕಿದಳು, ಕೂಸು ಅತ್ತಿತು. ನಾವೆಲ್ಲ ಬಾಗಿಲನ್ನೇ ನೋಡುತ್ತ ಕೂತೆವು... ಒಳಗೆ ಮತ್ತೆ ಅದೇ ಪಾಠ ಶುರುವಾಯಿತು. ಮರುದಿನದಿಂದ ಎರೆಯುವ ಹೊತ್ತಿಗೆ ಕಾಕು ಮನೆಯಲ್ಲೇ ಇರುತ್ತಿರಲಿಲ್ಲ.

ಮಗಳು ಕೂಸನ್ನೆತ್ತಿಕೊಂಡು ಹೋದವಳು ತಿರುಗಿ ಬರಲಿಲ್ಲ. ಗಂಡನ ಹಳ್ಳಿ ಹಿನ್ನೀರಿನಲ್ಲಿ ಮುಳುಗಿ ಇಲ್ಲೇ ಹತ್ತಿರದ ಜಮಖಂಡಿಗೆ ಬಂದು ನೆಲೆಸಿದರೂ ಬನಹಟ್ಟಿಯ ಕಡೆ ಮುಖ ಮಾಡಲಿಲ್ಲ. ಕಾಕು ಸತ್ಸಂಗದವರೊಂದಿಗೆ ಎಲ್ಲೋ ದೂರ ಹೋಗಿ ಅಲ್ಲೇ ತೀರಿಕೊಂಡರು. ನಮಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ.

ಹೋದ ವಾರ ನಾನು ಹೋದಾಗ ಆ ಮಗಳೇ ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಅಂದು ನಿಮ್ಮವ್ವ ಒಳಗಿಂದ ಹೇಳಿದ್ದು ನೆನಪೈತೇನು ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಬಾಗಲಕ್ಕ ಚಿಲಕ ಹಾಕಿರಲಿಲ್ಲ ನೋಡು," ಅಂದಳು. "ನಾನರ ದೂಡಿಕೊಂಡು ಹೋಗಿ, ಕೂಸನ್ನ ಆಕಿ ಉಡ್ಯಾಗ ಹಾಕಬೇಕಿತ್ತು."