ಹಿತ್ತಲ ಮನೆಗೆ ಬಾರದ ನೀರು

ಬುಕ್ಕಾಂಬುಧಿ ಕಡೆಯ ಈ ಊರಲ್ಲಿ ಕೋಳಿಗಿಂತ ಮೊದಲು ಏಳುವವರು ಸಣ್ಣಬೀರಪ್ಪ. ಮಬ್ಬುಗತ್ತಲಲ್ಲೇ ಓವರ್‌ಹೆಡ್ ಟ್ಯಾಂಕಿನ ಬುಡದ ಗುಂಡಿಗಿಳಿದು, ಉದ್ದನೆಯ ಕೀಲಿ ಸಿಕ್ಕಿಸಿ ವಾಲ್ವ್ ತಿರುಗಿಸುತ್ತಾರೆ. ಪೈಪಿಗೆ ಕಿವಿಗೊಟ್ಟು ಒಂದು ಗಳಿಗೆ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಿನ ಕೇರಿಯಲ್ಲಿ ಕೊಡಗಳ ಸದ್ದು ಶುರುವಾಗುತ್ತದೆ. ನೀರು ಬಂದರೆ ಯಾರೂ ಇವರನ್ನು ನೆನೆಯುವುದಿಲ್ಲ. ಬರದಿದ್ದರೆ ಮಾತ್ರ ಇಡೀ ಊರಿಗೆ ಇವರ ಹೆಸರು ನೆನಪಾಗುತ್ತದೆ.

ಪಂಚಾಯಿತಿಯಲ್ಲಿ ವಾಟರ್‌ಮ್ಯಾನ್, ಊರ ಬಾಯಲ್ಲಿ ನೀರು ಬಿಡೋ ಬೀರಪ್ಪ. ವಯಸ್ಸು ಅರವತ್ತರ ಹತ್ತಿರ. ದಿನಕ್ಕೆರಡು ಹೊತ್ತು, ಮುನ್ನೂರು ಚಿಲ್ಲರೆ ನಲ್ಲಿ. ಕರೆಂಟು ಕೈಕೊಟ್ಟರೆ ಊಟಕ್ಕೂ ಹೊತ್ತುಗೊತ್ತಿಲ್ಲ. "ಹಬ್ಬ ಅಂತ ಊರೋರು ಮಲಗ್ಬೋದು, ನಾನು ಮಲಗಂಗಿಲ್ಲ ಕಣ್ರೀ. ಹಬ್ಬದ ದಿನ್ವೇ ನೀರು ಜಾಸ್ತಿ ಬೇಕು" ಎಂದು ನಗುತ್ತಾರೆ.

ತೀರ್ಥಮ್ಮನವರ ಮನೆ ಮುಂದೆ ಬಂದಾಗ ಆ ನಗು ಇರುವುದಿಲ್ಲ. ಹಿತ್ತಲಲ್ಲಿ ಬಣ್ಣ ಬಳಿದ ಪುಟ್ಟ ಮನೆ, ಬಾಗಿಲಿಗೆ ಬೀಗ.

ತೀರ್ಥಮ್ಮನವರ ಇಬ್ಬರು ಸೊಸೆಯರಿಗೆ ಒಂದೇ ಅಡುಗೆಮನೆಯಲ್ಲಿ ಹೊಂದಲಿಲ್ಲ. "ಒಲೆ ಎರಡಾಗ್ಲಿ, ಅಂಗಳ ಒಂದೇ ಇರ್ಲಿ" ಎಂದು ಅವರು ಕಿರಿಯ ಮಗ ಬಸವೇಶನಿಗೆ ಹಿತ್ತಲಲ್ಲೇ ಮನೆ ಕಟ್ಟಿಸಲು ಹೊರಟರು. ಇರುವ ಮನೆಯ ಪಕ್ಕ ಎರಡನೇ ಮನೆ ಎದ್ದರೆ ಅದಕ್ಕೆ ಬೇರೆ ನಲ್ಲಿ ಬೇಕು. ನಲ್ಲಿಗೆ ಪಂಚಾಯಿತಿಯ ಅನುಮತಿಯನ್ನು ಪಾಯ ತೋಡುವ ಮೊದಲೇ ಕೇಳಬೇಕು. ಹಳೇ ನಲ್ಲಿಯಿಂದ ಪೈಪು ಎಳೆಯುವಂತಿಲ್ಲ. ಮನೆಯವರಿಗೆ ಇದು ಗೊತ್ತಿರಲಿಲ್ಲ, ಸಣ್ಣಬೀರಪ್ಪನವರಿಗೆ ಗೊತ್ತಿತ್ತು. ಪಾಯಕ್ಕೆ ಸುಣ್ಣದ ಗೆರೆ ಎಳೆದ ಜಾಗದಡಿಯಲ್ಲೇ, ಆಳದಲ್ಲಿ, ಊರಿನ ದೊಡ್ಡ ಪೈಪು ಹಾದಿರುವುದೂ ಗೊತ್ತಿತ್ತು. ಅದರ ಮೇಲೆ ಕಟ್ಟಿದ ಮನೆಗೆ ಅನುಮತಿ ಸಿಗುವ ಮಾತೇ ಇಲ್ಲ.

ಗುದ್ದಲಿ ಪೂಜೆಗೆ ಅವರನ್ನೂ ಕರೆದಿದ್ದರು. "ಮಂಗಳಾರತಿ ಆಗ್ತಿತ್ತು. ತೀರ್ಥಮ್ಮಾರು ಅರಿಶಿನ ಕುಂಕುಮ ಹಚ್ಚಿದ ಗುದ್ದಲೀನ ಮೊಮ್ಮಗಳ ಕೈಲಿ ಮುಟ್ಟಿಸ್ತಿದ್ರು. ಅಂಥಾ ಹೊತ್ನಲ್ಲಿ 'ಬ್ಯಾಡ, ಇಲ್ಲಿ ಆಗಲ್ಲ' ಅಂತ ಹೆಂಗ್ರೀ ಬಾಯ್ ಬಿಡ್ಲಿ? ಅಪಶಕುನ ಅಲ್ವಾ? ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ."

ಮರುದಿನ ಹೋಗುವಷ್ಟರಲ್ಲಿ ಪಾಯದ ಕಲ್ಲು ಕೂತಿತ್ತು. ಪೂಜೆ ಮಾಡಿ ಕೂರಿಸಿದ ಕಲ್ಲನ್ನು ಕದಲಿಸಿ ಎನ್ನುವುದು ಇನ್ನೂ ದೊಡ್ಡ ಅಪಶಕುನವೆಂದು ಅಂದೂ ಮಾತು ನುಂಗಿಕೊಂಡರು. ಗೋಡೆ ಎದ್ದಿತು, ಚಾವಣಿಗೆ ಮೋಲ್ಡ್ ಬಿತ್ತು. ಈ ಹಾಳು ಸಂಕೋಚ ಎಷ್ಟು ಮನೆ ಕೆಡಿಸಿದೆಯೋ! ಕೊನೆಗೆ ನಲ್ಲಿಗೆ ಅರ್ಜಿ ಹಾಕಿದಾಗ ಪಂಚಾಯಿತಿಯಿಂದ ಬಂದು ನೋಡಿದವರು, ಆಗುವುದಿಲ್ಲವೆಂದು ಹೇಳಿ ಹೋದರು.

ಕೆಲವು ತಿಂಗಳು ಮುಂದಿನ ಮನೆಯಿಂದ ಕೊಡದಲ್ಲಿ ಹೊತ್ತದ್ದಾಯಿತು. ಒಲೆ ಮುಂದಿನ ಜಗಳ ನಲ್ಲಿ ಮುಂದಕ್ಕೆ ಬಂತು. ಬಸವೇಶ, ಹೆಂಡತಿ ಸುಮನಾಳನ್ನೂ ಮಗಳು ಕೃತಿಕಾಳನ್ನೂ ಕರೆದುಕೊಂಡು ಬೀರೂರಿನ ಬಾಡಿಗೆ ಮನೆಗೆ ಹೊರಟುಹೋದ. ಅಣ್ಣತಮ್ಮಂದಿರ ನಡುವೆ ಈಗ ಮಾತಿಲ್ಲ.

ಈಗ ಯಾರ ಮನೆ ಮುಂದೆ ಜಲ್ಲಿ ಇಳಿದರೂ ಸಣ್ಣಬೀರಪ್ಪ ಸೈಕಲ್ ನಿಲ್ಲಿಸುತ್ತಾರೆ. "ಮೊದ್ಲು ನೀರಿಗೆ ಅನುಮತಿ ತಗಳಿ, ಆಮೇಲೆ ಕಾಯಿ ಒಡೀರಿ" ಎನ್ನುತ್ತಾರೆ. ಒಳ್ಳೆ ಕೆಲಸಕ್ಕೆ ಅಡ್ಡಬಾಯಿ ಹಾಕುವವನೆಂದು ಜನ ಮುಖ ಸಿಂಡರಿಸುತ್ತಾರೆ. "ಅನ್ಲಿ ಬಿಡ್ರೀ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ನಂದೂ ಹಂಗೇ ಆಯ್ತು."

ದೊಡ್ಡ ಪೈಪನ್ನು ರಸ್ತೆ ಬದಿಗೆ ಹಾಕಿಸಿ ಎಂದು ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಂತು ಕೇಳುತ್ತಾರೆ. ಇನ್ನೂ ಆಗಿಲ್ಲ. ಕೊನೆಗೊಂದು ದಿನ ತೀರ್ಥಮ್ಮನವರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡರಂತೆ. ಆಗ ಆಕೆ ಏನಂದರು ಎಂದು ಕೇಳಿದರೆ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"'ಆವತ್ತೇ ಹೇಳಿದ್ರೆ ನಾಕು ಮಾರು ಆಚೆಗೆ ಕಟ್ಟುಸ್ತಿದ್ನಲ್ಲೋ ಬೀರಪ್ಪ' ಅಂದ್ರು. ಅಷ್ಟೇ. ಆಮೇಲೆ ಒಳಗೋಗಿ ನಂಗೆ ಕಾಫಿ ತಂದ್ಕೊಟ್ರು. ಒಂದ್ಸಲ ಬಾಯ್ತುಂಬ ಬೈದ್ಬಿಟ್ಟಿದ್ರೆ ಸಾಕಿತ್ತು ಕಣ್ರೀ."